ಪ್ರೊಜೆಕ್ಟರ್ ಕಾಯುವ ಗಂಗಹನುಮಯ್ಯನವರು

ಮಧುಗಿರಿಯ ನಮ್ಮ ಕಾಲೇಜಿಗೆ ಪಾಠದ ಸಿನಿಮಾ ತೋರಿಸುವ ಪ್ರೊಜೆಕ್ಟರ್ ಬಂದು ಮೂರು ವರ್ಷವಾಯಿತು. ಒಂದು ದಿನವಾದರೂ ಅದರ ದೀಪ ಹತ್ತಿದ್ದನ್ನು ಕಂಡವರಿಲ್ಲ. ಕಾರಣ, ಜೀವಶಾಸ್ತ್ರದ ಮೇಷ್ಟ್ರು ಗಂಗಹನುಮಯ್ಯನವರು. ಅದನ್ನಿಟ್ಟ ಬೀರುವಿನ ಬೀಗದ ಕೈ ಅವರ ಉಡಿದಾರದಲ್ಲಿದೆ. ದಿನಾ ಬೆಳಿಗ್ಗೆ ಬೀರು ತೆಗೆದು, ಪ್ರೊಜೆಕ್ಟರಿಗೆ ಹೊದಿಸಿದ ಹಸಿರು ಬಟ್ಟೆ ಕೊಡವಿ, ಮತ್ತೆ ಹೊದಿಸುತ್ತಾರೆ. ಹಸುಗೂಸಿಗೂ ಅಷ್ಟು ಆರೈಕೆ ಇರಲಾರದು. ಅದು ಮೇಜಿನ ಮೇಲೆ ಬರುವುದು ಆಯುಧಪೂಜೆಗೆ ಮಾತ್ರ. ಆಗಲೂ ಓಡಿಸುವುದಿಲ್ಲ: ವಿಭೂತಿ ಬಳಿದು, ಕುಂಕುಮದ ಬೊಟ್ಟನ್ನು ಸರಿಯಾಗಿ ಲೆನ್ಸಿನ ನಡುವೆಯೇ ಇಟ್ಟು, ಮಂಗಳಾರತಿ ಮಾಡುತ್ತಾರೆ! ಹೃದಯ ಹೇಗೆ ಬಡಿಯುತ್ತದೆಂದು ತೋರಿಸುವ ರೀಲು ಡಬ್ಬಿಯಲ್ಲೇ ಕೊಳೆಯುತ್ತಿದೆ. ನಾವು ಮಾತ್ರ ಅವರು ಬೋರ್ಡಿನ ಮೇಲೆ ಬರೆದ ಬದನೆಕಾಯಿಯನ್ನೇ ಹೃದಯವೆಂದು ನಂಬಿ ಪರೀಕ್ಷೆಗೆ ಕೂರಬೇಕು. ಹೋದ ವರ್ಷ ಹೃದಯದ ಪ್ರಶ್ನೆಯಲ್ಲೇ ಅರ್ಧ ಕ್ಲಾಸು ಮುಗ್ಗರಿಸಿತು. ಪ್ರೊಜೆಕ್ಟರ್ ಓಡಿಸಿ ಎಂದು ಕೇಳಿದರೆ ಮೇಷ್ಟ್ರದು ಒಂದೇ ಮಾತು: “ಮುಟ್ಬೇಡ್ರಲಾ! ಕೆಟ್ಟೋದ್ರೆ ಯಾರ್ಲಾ ಜವಾಬ್ದಾರಿ?” ಈ ಸಲದ ಪೂಜೆಯ ದಿನ, ಶಿರಾದಿಂದ ಬರುವ ನನ್ನ ಸಹಪಾಠಿ ಅಸ್ಗರ್ ಸಿಟ್ಟು ತಡೆಯಲಾರದೆ ಕೇಳಿಯೇಬಿಟ್ಟ: “ನೀವಾದ್ರೂ ಒಂದಿನ ಓಡ್ಸಿದೀರಾ ಸಾರ್?” ಮೇಷ್ಟ್ರು ಕುಂಕುಮದ ಬೆರಳನ್ನು ಪಂಚೆಗೆ ಒರೆಸಿಕೊಂಡರು. “ನಂಗೆಲ್ಲಿ ಬರ್ತದ್ಲಾ? ನಾನು ಬಿ.ಎಸ್‌ಸಿ. ಓದೋವಾಗ ಮೈಕ್ರೋಸ್ಕೋಪೂ ಹಿಂಗೇ ಬೀರೂನಾಗೇ ಇತ್ತು. ಗಾಜಿನ ಹೊರ್ಗಿಂದ್ಲೇ ನೋಡ್ಕೊಂಡು ಪಾಸಾದೆ,” ಎಂದರು. ಅಷ್ಟು ಹೇಳಿದವರೇ ಪ್ರೊಜೆಕ್ಟರನ್ನು ಎತ್ತಿ ಒಳಗಿಟ್ಟು, ಬೀಗ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದರು.