ನಾಯಿಯ ವಿಮೆ ಮುಗಿಯುವ ದಿನ

ನಾಯಿಗೆ ವಿಮೆ ಮಾಡಿಸಿದ ವಿಷಯವನ್ನು ನಾನು ನಮ್ಮೂರು ತ್ರಾಸಿಯಲ್ಲಿ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಹೆದ್ದಾರಿ ಬದಿಯಲ್ಲಿ ಬಲೆ, ಹಗ್ಗ ಮಾರುವ ಅಂಗಡಿ ನನ್ನದು. ಬರುವವರೆಲ್ಲ ಕಡಲಿಗೆ ಹೋಗುವವರು. ದೋಣಿಗೆ ವಿಮೆ ಕಟ್ಟುವುದಕ್ಕೇ ಹಿಂದೆಮುಂದೆ ನೋಡುವ ಅವರ ಕಿವಿಗೆ ಈ ಸುದ್ದಿ ಬಿದ್ದರೆ ಮುಗಿಯಿತು, ಸಂಜೆಯೊಳಗೆ ಕಿರಿಮಂಜೇಶ್ವರದವರೆಗೂ ನಗು ಎದ್ದಿರುತ್ತಿತ್ತು. ಆಗ ನಾನು ನಾಚಿಕೆ ಎಂದುಕೊಂಡಿದ್ದು ಅದನ್ನು. ನಿಜವಾದ ನಾಚಿಕೆ ಹೇಗಿರುತ್ತದೆ ಎಂದು ಇನ್ನೂ ಗೊತ್ತಿರಲಿಲ್ಲ.

ಮೊದಲಿನಿಂದಲೂ ನಾನು ಕಂಡಕಂಡದ್ದಕ್ಕೆಲ್ಲ ವಿಮೆ ಮಾಡಿಸುವವನು. ಅಂಗಡಿಗೆ, ವ್ಯಾನಿಗೆ, ಸ್ಕೂಟರಿಗೆ, ಅಮ್ಮನನ್ನೂ ಸೇರಿಸಿ ಮನೆಯವರ ಆರೋಗ್ಯಕ್ಕೆ. ಯಾವುದು ಯಾವತ್ತು ಮುಗಿಯುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ನಾಯಿ ಬಂದದ್ದು ಮುಂಬೈಯಿಂದ. ತಂಗಿಯ ಗಂಡ ಅಲ್ಲಿ ಹೋಟೆಲಿನಲ್ಲಿದ್ದಾನೆ. ಚಿಕ್ಕ ಬಾಡಿಗೆ ಮನೆಗೆ ಹೋಗುವ ಹೊತ್ತಿಗೆ ಅವನು ತನ್ನ ಲ್ಯಾಬ್ರಡಾರನ್ನು ನಮ್ಮಲ್ಲಿ ತಂದು ಬಿಟ್ಟ. ಮುಂಬೈಯಲ್ಲಿ ಅದಕ್ಕೆ ಏನೋ ಇಂಗ್ಲಿಷ್ ಹೆಸರಿತ್ತು. ಅಮ್ಮನಿಗೆ ನಾಲಿಗೆ ಹೊರಳಲಿಲ್ಲ. ನಮ್ಮಲ್ಲಿ ದಾರಿಯಲ್ಲಿ ಹೋಗುವವರನ್ನು ಕರೆಯುವ ಹಾಗೆಯೇ ‘ಹ್ವಾಯ್’ ಎಂದು ಕರೆದಳು, ಅದೂ ಓಗೊಟ್ಟಿತು. ಅಲ್ಲಿಂದ ಶುರುವಾಯಿತು ತಾಪತ್ರಯ. ಹೆದ್ದಾರಿಯ ಆಚೆ ಬದಿಯಲ್ಲಿ ಯಾರು ಯಾರನ್ನು ಹ್ವಾಯ್ ಎಂದು ಕೂಗಿದರೂ ಇದು ತನ್ನನ್ನೇ ಕರೆದರು ಎಂದು ಬಾಲ ಆಡಿಸುತ್ತ, ಮೀನಿನ ಲಾರಿಗಳ ನಡುವೆ ದಾಟಿ ಹೋಗುತ್ತಿತ್ತು.

“ಒಂದ್ ಇನ್ಸೂರೆನ್ಸ್ ಮಾಡ್ಸಿ ಬಿಡಿ ಭಾವ, ಇಲ್ ಎಲ್ಲರೂ ಮಾಡಿಸ್ತ್ರ್” ಎಂದು ತಂಗಿಯ ಗಂಡ ಫೋನಿನಲ್ಲಿ ಹೇಳಿದ. ಕಟ್ಟಬೇಕಾದ ಹಣ ಸಣ್ಣದಲ್ಲ. ಬೇಕೋ ಬೇಡವೋ ಎಂದು ಬಹಳ ದಿನ ತೂಗಿ ನೋಡಿದೆ. ಕೊನೆಗೆ ದೋಣಿಗಳ ವಿಮೆ ಮಾಡಿಸಲು ಅಂಗಡಿಗೆ ಬರುವ ಏಜೆಂಟರನ್ನೇ ಗುಟ್ಟಾಗಿ ಕೇಳಿದೆ. ಆಸ್ಪತ್ರೆಯಲ್ಲಿ ಇಟ್ಟುಕೊಂಡು ಚಿಕಿತ್ಸೆ ಮಾಡಿದರೆ ಖರ್ಚು ಸಿಗುತ್ತದೆ, ಹೋಗಿಬಂದು ಮಾಡುವ ಮದ್ದಿಗೆ ಸಿಗುವುದಿಲ್ಲ, ಸತ್ತರೆ ಇಂತಿಷ್ಟು ಬರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಲಾರಿಯೊಂದೇ ನನ್ನ ತಲೆಯಲ್ಲಿದ್ದದ್ದು. ತಲೆ ಆಡಿಸಿ ಸಹಿ ಹಾಕಿದೆ.

ಅಮ್ಮನಿಗೆ ಇದು ಯಾವುದರ ಗೊಡವೆಯೂ ಇರಲಿಲ್ಲ. ಎಷ್ಟೋ ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಬಸ್ರೂರಿನ ಮನೆಮನೆಗೆ ಮೀನು ಮಾರಿದವಳು, ಈಗ ಮೊಣಕಾಲು ಹಿಡಿದು ಜಗಲಿಗೆ ಬಿದ್ದಿದ್ದಳು. ನಾಯಿ ದಿನವಿಡೀ ಅವಳ ಕಾಲ ಬುಡದಲ್ಲಿ. ಬಂಗಡೆಯ ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ ಅದಕ್ಕೆ ಹಾಕುತ್ತಿದ್ದಳು. ನನಗೆ ಹಾಗೆ ಯಾವತ್ತಾದರೂ ಮುಳ್ಳು ಬಿಡಿಸಿಕೊಟ್ಟದ್ದು ನೆನಪಿಲ್ಲ ಎಂದು ನಾನು ಛೇಡಿಸಿದರೆ, “ನಿಂಗೆ ಕೈ ಇತ್ತಲ್ದಾ?” ಎನ್ನುತ್ತಿದ್ದಳು.

ಲಾರಿಯಿಂದ ಏನೂ ಆಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ನಾಯಿ ಅನ್ನ ಬಿಟ್ಟಿತು. ಬಂಗಡೆಯನ್ನೂ ಮೂಸಲಿಲ್ಲ. ಕುಂದಾಪುರದ ಡಾಕ್ಟರು ಬ್ರಹ್ಮಾವರದ ಲ್ಯಾಬಿಗೆ ರಕ್ತ ಕಳಿಸಿ ನೋಡಿ, ಉಣ್ಣಿ ಕಚ್ಚಿ ಬರುವ ಜ್ವರ ಎಂದರು. ರಕ್ತ ತೀರ ಇಳಿದಿದೆ, ದಿನಾ ತಂದು ಡ್ರಿಪ್ ಹಾಕಿಸಿ, ಭರವಸೆ ಮಾತ್ರ ಕೊಡಲಾರೆ ಎಂದರು. ದಿನಾ ವ್ಯಾನಿನಲ್ಲಿ ಮಲಗಿಸಿಕೊಂಡು ಹೋದೆ, ತಂದೆ. ಹೋಗಿಬಂದು ಮಾಡುವ ಮದ್ದು, ವಿಮೆಯಿಂದ ಬಿಡಿಗಾಸೂ ಇಲ್ಲ. ಬದುಕಿಸುವ ಖರ್ಚು ನನ್ನದು, ಸತ್ತರೆ ಹಣ ಕೊಡುವವರು ಅವರು. ವಿಮೆಯೋ, ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಈ ಎರಡು ವಿಷಯ ನನ್ನ ತಲೆಯಲ್ಲಿ ಯಾವಾಗ ಒಂದಕ್ಕೊಂದು ಗಂಟುಬಿದ್ದವೋ ತಿಳಿಯಲಿಲ್ಲ. ಹಿತ್ತಲಲ್ಲಿ ನಿಂತು ಏಜೆಂಟರಿಗೆ ಫೋನು ಮಾಡಿದಾಗ ಮಾತ್ರ ನನ್ನ ಬಾಯಿಂದಲೇ ಅದು ಹೊರಗೆ ಬಂತು.

“ಡಾಕ್ಟ್ರ್ ಭರವಸೆ ಇಲ್ಲೆ ಅಂದ್ರ್. ಹ್ಯಾಂಗೂ ಹೋಪುದಾರೆ ತಿಂಗ್ಳ್ ಮುಗಿಯೂಕ್ ಮುಂಚೆ ಹೋರೆ ಲಾಯ್ಕ್ ಇತ್ತ್, ಅಲ್ದಾ?”

“ಅದ್ ಹೌದ್ ಮಾರಾಯ್ರೆ” ಎಂದು ಅವರು ನಕ್ಕರು. ನಾನೂ ನಕ್ಕೆ.

ತಿರುಗಿ ನೋಡಿದರೆ ಬಾವಿಕಟ್ಟೆಯ ಹತ್ತಿರ ಅಮ್ಮ ಮೀನು ಕೆರೆಯುತ್ತ ಕೂತಿದ್ದಳು. ಕತ್ತಿ ಹಿಡಿದ ಕೈ ನಿಂತಿತ್ತು. ಒಂದಿಷ್ಟು ಹೊತ್ತಾದ ಮೇಲೆ ಮತ್ತೆ ಕೆರೆಯತೊಡಗಿದಳು.

ಅಷ್ಟಕ್ಕೇ ನಿಂತಿದ್ದರೆ, ಬಾಯಿ ತಪ್ಪಿ ಬಂದ ಮಾತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆನೋ ಏನೋ. ಮರುದಿನ ಬೆಳಿಗ್ಗೆ ನಾನು ಅಮ್ಮನಿಗೆ, ಅಂಗಡಿಗೆ ಮಾಲು ಬರುವುದಿದೆ, ಇವತ್ತೊಂದು ದಿನ ಡ್ರಿಪ್ ತಪ್ಪಿದರೆ ಏನೂ ಆಗುವುದಿಲ್ಲ ಎಂದೆ. ಮಾಲು ಮಧ್ಯಾಹ್ನದ ಮೇಲೆ ಬಂದರೂ ನಡೆಯುತ್ತಿತ್ತು. ಒಂದು ಫೋನು ಸಾಕಿತ್ತು. ನಾನು ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಈಗಲೂ ನನ್ನನ್ನು ನಾನು ಕೇಳಿಕೊಳ್ಳುವುದಿಲ್ಲ. ಉತ್ತರ ಗೊತ್ತಿರುವುದರಿಂದಲೇ ಕೇಳಿಕೊಳ್ಳುವುದಿಲ್ಲ.

“ನೀ ಅಂಗ್ಡಿಗೆ ಹೋಗ್. ನಾನ್ ರಿಕ್ಷಾ ಮಾಡ್ಕಂಡ್ ಹೋತೆ” ಎಂದಳು ಅಮ್ಮ.

ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುವವಳು ಸೀರೆ ಬದಲಾಯಿಸಿ ಅಂಗಳಕ್ಕಿಳಿದಳು. ರಿಕ್ಷಾದವನು ನಾಯಿಯನ್ನು ಎತ್ತಿ ಒಳಗಿಟ್ಟ. ಅದರ ತಲೆಯನ್ನು ಮಡಿಲಿಗೆ ಎಳೆದುಕೊಂಡು ಅವಳು ಕುಂದಾಪುರಕ್ಕೆ ಹೋದಳು. ನಾನೇ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎನ್ನಬಹುದಿತ್ತು, ರಿಕ್ಷಾ ಹೆದ್ದಾರಿಗೆ ಏರುವವರೆಗೂ ಹೊತ್ತಿತ್ತು. ಅಂಗಡಿಯ ಬಾಗಿಲು ತೆಗೆದೆ. ಮರುದಿನ ನಾನು ವ್ಯಾನಿನ ಕೀ ಹಿಡಿದು ನಿಂತರೂ ಅವಳು ರಿಕ್ಷಾಕ್ಕೇ ಹೇಳಿದ್ದಳು. ಆಮೇಲೂ ಹಾಗೆಯೇ. ಮನೆಗೆ ಬಂದು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವಾಗ ನಾನು ಒಳಗೆ ಬಂದರೆ ಸೆರಗು ಎಳೆದು ಮುಚ್ಚುತ್ತಿದ್ದಳು.

ತಿಂಗಳು ಮುಗಿಯಿತು. ನಾಯಿ ಸಾಯಲಿಲ್ಲ. ಹೊಸ ತಿಂಗಳ ಮೊದಲ ಬೆಳಿಗ್ಗೆ ಅಮ್ಮ ಇಟ್ಟ ಗಂಜಿಯ ತಿಳಿಯನ್ನು ತಾನಾಗಿ ಎದ್ದು ನೆಕ್ಕಿತು. ನಾನು ಹಲ್ಲುಜ್ಜುತ್ತ ನಿಂತಿದ್ದೆ. ಆ ಗಳಿಗೆಯಲ್ಲಿ ನನಗೆ ಮೊದಲು ಆದದ್ದು ಸಂತೋಷವಲ್ಲ. ಏನೋ ಕೈತಪ್ಪಿ ಹೋಯಿತು ಎಂಬಂಥ ಭಾವ. ಸಂತೋಷ ಆಮೇಲೆ ಬಂತು, ನಿಜವಾಗಿಯೇ ಬಂತು, ಆದರೆ ಬಂದದ್ದು ಆಮೇಲೆ. ಬಾಯಿ ತೊಳೆದುಕೊಂಡು ಒಳಗೆ ಹೋದೆ, ಆ ನಾಯಿಯ ತಲೆ ಮುಟ್ಟುವ ಮುಖ ನನಗಿರಲಿಲ್ಲ.

ಕೆಲವು ದಿನ ಬಿಟ್ಟು ಏಜೆಂಟರು ಫೋನು ಮಾಡಿದರು. ವಯಸ್ಸಾದ ನಾಯಿ, ಕಾಯಿಲೆ ಬೇರೆ ಬಂದು ಹೋಗಿದೆ, ಈ ಸಲ ಸ್ವಲ್ಪ ಹೆಚ್ಚು ಕಟ್ಟಬೇಕಾಗುತ್ತದೆ, ಏನು ಮಾಡುವ ಎಂದು ಕೇಳಿದರು. ವಿಮೆಯಿಂದ ಲಾಭವೋ ನಷ್ಟವೋ ಎಂದು ಹಿಂದೆ ಅಷ್ಟು ತೂಗಿದ್ದವನಿಗೆ ಈಗ ತಕ್ಕಡಿ ಮುಟ್ಟುವುದೇ ಬೇಡವಾಗಿತ್ತು. ಸದ್ಯಕ್ಕೆ ಬೇಡ ಎಂದು ಫೋನು ಇಟ್ಟೆ.

ಜಗಲಿಯಲ್ಲಿ ಅಮ್ಮ ಬಂಗಡೆಯ ಮುಳ್ಳು ಬಿಡಿಸುತ್ತಿದ್ದಳು. ನಾಯಿ ಅವಳ ಕೈಯನ್ನೇ ನೋಡುತ್ತ ಕೂತಿತ್ತು.

“ಇದ್ರದ್ದ್ ಮುಗಿತಾ?” ಎಂದಳು.

“ಹೂಂ, ಮುಗಿತ್.”

“ನಂದ್ ಯಾವತ್ತಿನ್ ವರಿಗೆ ಇತ್ತ್ ಮಗಾ?”

ಚುಚ್ಚುವ ದನಿಯಲ್ಲ. ಸಂಜೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ಹಾಗೆ ಕೇಳಿದಳು. ನಿನ್ನದು ಬರೀ ಆಸ್ಪತ್ರೆ ಖರ್ಚಿಗೆ, ಸತ್ತರೆ ಅದರಲ್ಲಿ ಏನೂ ಬರುವುದಿಲ್ಲ ಎಂದು ವಿವರಿಸಿ ಹೇಳುವುದಕ್ಕೆ ಬಾಯಿ ತೆರೆದೆ. ಏನು ಹೇಳಹೊರಟಿದ್ದೇನೆ ಎಂದು ಹೊಳೆದು ಬಾಯಿ ಮುಚ್ಚಿದೆ. ತಾರೀಕು ನಾಲಿಗೆಯ ತುದಿಯಲ್ಲಿತ್ತು.

“ಗೊತ್ತಿಲ್ಲೆ ಅಮ್ಮ” ಎಂದೆ.

ಅಮ್ಮ ತಲೆ ಎತ್ತಲಿಲ್ಲ. ಬಿಡಿಸಿದ ಮೀನನ್ನು ಅನ್ನಕ್ಕೆ ಕಲಸಿ ನಾಯಿಯ ಮುಂದೆ ಇಟ್ಟಳು.

“ಪುರ್ಸೊತ್ತಾರೆ ಕಂಡ್ ಹೇಳ್” ಎಂದಳು.