ಹನ್ನೊಂದನೇ ತಿಂಗಳ ಅಂಗಳ

ಕಾರಿನ ವಿಮೆಯ ಕಾಗದ ಹುಡುಕಲು ಕೂತರೆ ಅದೊಂದು ಬಿಟ್ಟು ಉಳಿದದ್ದೆಲ್ಲ ಸಿಗುವುದು ನಮ್ಮ ಮನೆಯ ಪದ್ಧತಿ. ಮೊನ್ನೆಯೂ ಹಾಗೇ ಆಯಿತು. ಹಳೆಯ ಫೈಲಿನಿಂದ ಮಡಿಸಿದ ಅರ್ಜಿಯೊಂದು ಜಾರಿ ಬಿತ್ತು. ಮೂಲೆಯಲ್ಲಿ ತುಕ್ಕು ಹಿಡಿದ ಗುಂಡುಪಿನ್ನು, ಅದರಡಿ ಪುಟ್ಟದೊಂದು ಫೋಟೊ. ಗಿರಿಜಕ್ಕ. ನೀವು ನಂಬಿದರೆ ನಂಬಿ, ಆ ಕಾಗದದಿಂದ ಇಸ್ತ್ರಿಪೆಟ್ಟಿಗೆಯ ಇದ್ದಿಲಿನ ವಾಸನೆ ಬಂತು. ಹದಿನೈದು ವರ್ಷ ಫೈಲಿನಲ್ಲಿ ಮಲಗಿದ ಕಾಗದಕ್ಕೆ ವಾಸನೆ ಎಲ್ಲಿಂದ ಬರಬೇಕು ಹೇಳಿ? ವಯಸ್ಸಾದ ಮೇಲೆ ಮೂಗೂ ಕತೆ ಕಟ್ಟುತ್ತದೆ.

ಸಾಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವಳು ಗಿರಿಜಕ್ಕ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬೀದಿಯವರ ಬಟ್ಟೆ ಇಸ್ತ್ರಿ ಮಾಡಿ ಬದುಕುತ್ತಿದ್ದಳು. ನನ್ನ ಬಿಳಿ ಅಂಗಿಯ ಕಾಲರಿಗೆ ಅವಳು ಹಾಕುತ್ತಿದ್ದ ಗಂಜಿ ಎಂಥದ್ದೆಂದರೆ, ಅದನ್ನು ತೊಟ್ಟು ತಲೆ ತಗ್ಗಿಸಲು ಸಾಧ್ಯವೇ ಇರಲಿಲ್ಲ. ಹಾಗೆ ಸೆಟೆದುಕೊಂಡೇ ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಅನ್ನ, ಬಟ್ಟೆ, ವಸತಿ ಮನುಷ್ಯನ ಮೂಲ ಅಗತ್ಯಗಳು ಎಂದು ಪ್ರತಿ ವರ್ಷ ಮಕ್ಕಳಿಂದ ಬರೆಸುತ್ತಿದ್ದೆ. ಸಿರಿವಂತವಾಗುತ್ತಿರುವ ದೇಶದಲ್ಲಿ ಜನ ಯಾಕೆ ಮನೆಯಿಲ್ಲದವರಾಗುತ್ತಾರೆ ಎಂಬ ಪ್ರಶ್ನೆಗೆ ಐದು ಕಾರಣಗಳನ್ನೂ ಹೇಳುತ್ತಿದ್ದೆ. ಆ ಐದರಲ್ಲಿ ನಮ್ಮಪ್ಪ ಇರಲಿಲ್ಲ. ನಾನಂತೂ ಇರಲೇ ಇಲ್ಲ.

ಅಪ್ಪನಿಗೆ ಸಹಿ ಎಂದರೆ ಹಾವು ಕಂಡಷ್ಟು ಭಯ. ತೀರ್ಥಹಳ್ಳಿ ಕಡೆ ನಮಗೊಂದಿಷ್ಟು ಗದ್ದೆಯಿತ್ತು, ಗೇಣಿಗೆ ಕೊಟ್ಟಿದ್ದರು. ಅಪ್ಪನೇ ಸಹಿ ಹಾಕಿದ್ದ ಗೇಣಿ ಚೀಟಿಯೊಂದು ಸಾಕ್ಷಿಯಾಗಿ, ಭೂಸುಧಾರಣೆಯಲ್ಲಿ ಆ ಗದ್ದೆ ಉಳುವವರ ಹೆಸರಿಗೆ ಹೋಯಿತು. ಅದು ನ್ಯಾಯವೇ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ, ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಅಲ್ಲಿಂದ ಮುಂದೆ ಅಪ್ಪ ಬಾಡಿಗೆಯವರಿಗೆ ಒಂದು ಶಾಸ್ತ್ರ ಮಾಡಿದರು. ಹನ್ನೊಂದು ತಿಂಗಳು ತುಂಬಿದ ದಿನ ಸಾಮಾನೆಲ್ಲ ಅಂಗಳಕ್ಕೆ ಬರಬೇಕು, ಕೋಣೆಗೆ ಬೀಗ ಬೀಳಬೇಕು. ಮರುದಿನ ಬೆಳಿಗ್ಗೆ ಹೊಸಬರಂತೆ ಒಳಗೆ ಹೋಗಬೇಕು. ಹೀಗೆ ಮಾಡಿದರೆ ಯಾರಿಗೂ ಹಕ್ಕು ಹುಟ್ಟುವುದಿಲ್ಲ ಎಂಬುದು ಅವರ ನಂಬಿಕೆ.

ಗಿರಿಜಕ್ಕ ಅದನ್ನೂ ಹಬ್ಬ ಮಾಡಿಕೊಂಡಿದ್ದಳು. ಚಾಪೆ, ಟ್ರಂಕು, ಇಸ್ತ್ರಿ ಮೇಜು ಎಲ್ಲವನ್ನೂ ಅಂಗಳದಲ್ಲಿ ಒಪ್ಪವಾಗಿ ಜೋಡಿಸಿ, ಪಾತ್ರೆ ಬೆಳಗಿ ಬಿಸಿಲಿಗಿಡುವಳು. ಒಂದು ವರ್ಷ ಆ ದಿನ ಮೇ ತಿಂಗಳಲ್ಲಿ ಬಂತು. ಹೇಗೂ ಬೀಗ ಬಿದ್ದಿದೆ, ಊರಲ್ಲಿರುವ ನಮ್ಮ ಮನೆ ನೋಡಿಕೊಂಡು ಬರುತ್ತೇನೆ ಎಂದು ಅವಳು ಹೊಸನಗರದ ಬಸ್ಸು ಹತ್ತಲು ಹೊರಟಳು. ರಜೆಯಿತ್ತು, ಕುತೂಹಲಕ್ಕೆ ನಾನೂ ಹೊರಟೆ.

ಬಸ್ಸಿಳಿದು ಬಹಳ ದೂರ ನಡೆದೆವು. ಹಿನ್ನೀರು ಇಳಿದು, ಒಡೆದ ಕೆಸರಿನ ಬಯಲು ಕಣ್ಣಿಗೆ ನಿಲುಕುವಷ್ಟೂ ಮಲಗಿತ್ತು. ಕಪ್ಪು ಮರದ ಬುಡಗಳು, ಬಾವಿಯ ಕಟ್ಟೆ. ಅವಳು ಹುಡುಗಿಯಾಗಿದ್ದಾಗ ಅಣೆಕಟ್ಟಿನ ನೀರು ಬಂದು ಮುಳುಗಿಸಿದ ಊರು ಅದು. ಅವರಪ್ಪನ ಹೆಸರಲ್ಲಿ ಒಂದು ಚೂರು ಕಾಗದವೂ ಇರಲಿಲ್ಲವಾದ್ದರಿಂದ ಪರಿಹಾರವೂ ಇಲ್ಲ, ಬದಲಿ ಜಾಗವೂ ಇಲ್ಲ. ನಮ್ಮಪ್ಪ ಕಳೆದುಕೊಂಡದ್ದು ಕಾಗದವಿದ್ದದ್ದಕ್ಕೆ, ಅವರಪ್ಪ ಕಳೆದುಕೊಂಡದ್ದು ಇಲ್ಲದ್ದಕ್ಕೆ. ಪ್ರತಿ ಬೇಸಿಗೆ ಒಂದಷ್ಟು ದಿನ ಆ ಮನೆಯ ತಳಪಾಯ ನೀರಿನಿಂದ ಮೇಲೇಳುತ್ತಿತ್ತು. ಗಿರಿಜಕ್ಕ ಹೊಸ್ತಿಲ ಕಲ್ಲು ತೊಳೆದು ರಂಗೋಲಿ ಎಳೆದಳು. ಆಮೇಲೆ ಒಳಗೆ ನಿಂತು ನನ್ನನ್ನು ಕರೆದಳು.

"ಬನ್ನಿ ಮೇಷ್ಟ್ರೇ. ತಲೆ ಬಗ್ಗಿಸ್ಕಳಿ, ಬಾಗ್ಲು ಗಿಡ್ಡ."

ಬಾಗಿಲೆಲ್ಲಿ, ಗೋಡೆಯೆಲ್ಲಿ! ಆದರೂ ನಾನು ಚಪ್ಪಲಿ ಬಿಟ್ಟು, ಬರೀ ಆಕಾಶದ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದೆ. ಗಂಜಿ ಹಾಕಿದ ಕಾಲರು ಕುತ್ತಿಗೆಗೆ ಒತ್ತಿತು. ಅಡುಗೆಮನೆ ಇದ್ದ ಕಡೆ ಕೂತು ಅವಲಕ್ಕಿ ತಿಂದೆವು. ಗಾಳಿ ನೀರಿನ ಕಡೆಯಿಂದ ಬರುತ್ತಿತ್ತು. ಅಷ್ಟು ನಿಶ್ಚಿಂತೆಯಿಂದ ನಾನು ಯಾರ ಮನೆಯಲ್ಲೂ ಉಂಡಿಲ್ಲ.

ಅಪ್ಪ ಹೋದ ಮೇಲೆ ಒಂದು ದಿನ ಗಿರಿಜಕ್ಕ ಈ ಅರ್ಜಿ ಹಿಡಿದು ಬಂದಳು. ಮನೆಯಿಲ್ಲದವರಿಗೆ ಜಾಗ ಕೊಡುತ್ತಾರಂತೆ, ಇಷ್ಟು ವರ್ಷದಿಂದ ಇಲ್ಲಿ ಬಾಡಿಗೆಗಿದ್ದಾಳೆ ಎಂದು ಮನೆ ಮಾಲೀಕರ ಒಂದು ಸಹಿ ಬೇಕಂತೆ. ಪೆನ್ನು ನನ್ನ ಜೇಬಿನಲ್ಲೇ ಇತ್ತು. ಸತ್ತ ಅಪ್ಪ ನನ್ನ ಕೈ ಹಿಡಿದರು ಎಂದರೆ ಸುಳ್ಳಾಗುತ್ತದೆ, ಹೆದರಿದ್ದು ನಾನೇ. ಅರ್ಜಿ ಇಟ್ಟು ಹೋಗು, ನಾಳೆ ನೋಡೋಣ ಎಂದೆ. ಅವಳು ಮೂರು ಸಲ ಕೇಳಿದಳು, ನಾಲ್ಕನೆಯ ಸಲ ಕೇಳಲಿಲ್ಲ. ಅರ್ಜಿ ಕೊಡುವ ಕೊನೆಯ ದಿನ ಮುಗಿದುಹೋಯಿತು.

ಮರುವರ್ಷ ನಾನು ಕಾರು ಕೊಂಡೆ, ಅದನ್ನು ನಿಲ್ಲಿಸಲು ಜಾಗ ಬೇಕಾಯಿತು. ಹನ್ನೊಂದು ತಿಂಗಳು ತುಂಬಿದ ದಿನ ಅವಳು ಎಂದಿನಂತೆ ಸಾಮಾನು ಹೊರಗಿಟ್ಟಳು. ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯಲಿಲ್ಲ. ಕೋಣೆಯ ಮುಂಗೋಡೆ ಒಡೆಸಿ ಕಾರಿಗೆ ಮನೆ ಮಾಡಿದೆ. ಅವಳು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗುತ್ತಾಳೆ ಎಂದು ಯಾರೋ ಹೇಳಿದರು. ಅಂದಿನಿಂದ ನಾನು ಪೇಟೆಗೆ ಹೋಗುವ ದಾರಿ ಬದಲಿಸಿದೆ. ನಾಚಿಕೆ ಪಡುವುದಕ್ಕೂ ಧೈರ್ಯ ಬೇಕು, ಅದು ನನ್ನಲ್ಲಿರಲಿಲ್ಲ.

ಮೊನ್ನೆ ಅರ್ಜಿ ಕೈಗೆ ಬಂದಾಗ ಮೇ ತಿಂಗಳು, ಅವಳ ಮನೆ ನೀರಿನಿಂದ ಮೇಲೇಳುವ ಕಾಲ. ಸಹಿ ಹಾಕಿ ಜೇಬಿನಲ್ಲಿಟ್ಟುಕೊಂಡು, ಹೊಸನಗರದ ಬಸ್ಸಿನಲ್ಲೇ ಹೋದೆ. ಬಯಲು ಹಾಗೇ ಮಲಗಿತ್ತು. ದೂರದಿಂದಲೇ ಹೊಸ್ತಿಲ ಮೇಲೊಂದು ಬೆಳ್ಳನೆಯ ತಲೆ ಕಂಡಿತು. ಗಿರಿಜಕ್ಕ ನನ್ನ ಗುರುತು ಹಿಡಿದಳು. ಕಾಗದವನ್ನು ತಿರುಗಿಸಿ ನೋಡಿ, ತನ್ನ ಫೋಟೊಗೆ ಸ್ವಲ್ಪ ನಕ್ಕು, ಇದನ್ನು ಈಗ ಯಾರು ತಗೊಳ್ಳುತ್ತಾರೆ ಎಂದು ವಾಪಸು ಕೊಟ್ಟಳು. ತಪ್ಪಾಯಿತು ಗಿರಿಜಕ್ಕ, ಕೋಣೆ ಸರಿ ಮಾಡಿಸುತ್ತೇನೆ, ಬಂದುಬಿಡು ಎಂದೆ.

ಅವಳು ನೀರಿನ ಕಡೆ ನೋಡುತ್ತ ಕೇಳಿದಳು. "ಸಾಮಾನು ಹೊರಗಿಡೋದು ಈಗ್ಲೂ ಹನ್ನೊಂದ್ ತಿಂಗ್ಳಿಗೇನಾ ಮೇಷ್ಟ್ರೇ?"

ಇಲ್ಲ ಎಂದು ತಲೆಯಾಡಿಸಿದೆ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಈ ಸಲ ಯಾರೂ ಹೇಳದೆಯೇ ನಾನು ತಲೆ ಬಗ್ಗಿಸಿದೆ.

ನಿನ್ನೆಯಿಂದ ಕಾರು ಬೀದಿಯಲ್ಲಿದೆ. ಗಾರೆಯವರು ಮುಂಗೋಡೆ ಎಬ್ಬಿಸುತ್ತಿದ್ದಾರೆ. ಬೀಗದ ಎರಡೂ ಕೀಲಿಕೈ ಮೇಜಿನ ಮೇಲಿವೆ, ಎರಡೂ ಅವಳಿಗೇ. ಮಳೆ ಹಿಡಿದು ಹಿನ್ನೀರು ಏರುವುದಕ್ಕೆ ಇನ್ನು ಕೆಲವೇ ದಿನ. ಬರುತ್ತೇನೆ ಎಂದು ಅವಳು ಹೇಳಿಲ್ಲ.