ಹಾರಕ್ಕೊಂದು ಕೊಕ್ಕೆ

ಆಯುಧಪೂಜೆ ಬಂತೆಂದರೆ ನನಗೆ ಇವತ್ತಿಗೂ ಹಾರಗಳ ಮೇಲೇ ಕಣ್ಣು. ಊರೆಲ್ಲ ಸ್ಕೂಟರಿಗೆ ಬಾಳೆಕಂದು ಕಟ್ಟಿಕೊಂಡು ಸಂಭ್ರಮದಲ್ಲಿ ಓಡಾಡುವಾಗ ನಾನೊಬ್ಬ ಮಾತ್ರ ಹಾರ ಎಲ್ಲಿ ತೂಗುಬಿಟ್ಟಿದ್ದಾರೆ, ಯಾವುದಕ್ಕೆ ಕಟ್ಟಿದ್ದಾರೆ ಎಂದು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿರುತ್ತೇನೆ. ಹೆಂಡತಿ ನಗುತ್ತಾಳೆ. ನಗಲಿ ಬಿಡಿ. ಆ ಹಬ್ಬದ ದಿನ ಅವಳೂ ಅಲ್ಲೇ ಇದ್ದಳು, ಆಗ ನಕ್ಕಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಮನೆ ಬನಶಂಕರಿ ಎರಡನೇ ಹಂತದಲ್ಲಿ, ಕೆಲಸ ಜೆ.ಪಿ. ನಗರದ ಕಡೆಯ ಒಂದು ಶೆಡ್ಡಿನಲ್ಲಿ. ಅಲ್ಲಿ ಗ್ಯಾಸು, ಹಬೆ ಇಂಥವುಗಳ ಒತ್ತಡ ತಡೆಯುವ ಟ್ಯಾಂಕುಗಳನ್ನು ಮಾಡುತ್ತಿದ್ದೆವು. ಬೆಸುಗೆ ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವವನು ನಾನು. ಟ್ಯಾಂಕಿಗೆ ಕೈ ಹಚ್ಚುವ ಮೊದಲು ಅದೇ ಉಕ್ಕಿನ ಎರಡು ತುಂಡುಗಳನ್ನು ಅದೇ ವೆಲ್ಡಿಂಗ್ ಕಡ್ಡಿಯಿಂದ, ಅದೇ ಕರೆಂಟಿನಲ್ಲಿ ಬೆಸೆದು, ಟ್ಯಾಂಕನ್ನು ಹೇಗೆ ಕಾಯಿಸುತ್ತೇವೋ ಹಾಗೇ ಕಾಯಿಸಿ, ಪಟ್ಟಿಪಟ್ಟಿಯಾಗಿ ಕೊಯ್ದು, ಪ್ರೆಸ್ಸಿನಲ್ಲಿಟ್ಟು ಕುದುರೆ ಲಾಳದ ಹಾಗೆ ಬಗ್ಗಿಸುತ್ತಿದ್ದೆ. ಬೆಸುಗೆ ಬಾಯಿ ಬಿಟ್ಟರೆ ಆ ವಿಧಾನವೇ ಫೇಲು. ಬಿಡದಿದ್ದರೆ ಟ್ಯಾಂಕನ್ನೂ ಅದೇ ರೀತಿ ಬೆಸೆಯಬೇಕು, ಒಂದು ಕೂದಲೆಳೆ ಆಚೀಚೆ ಆಗಕೂಡದು.

ಬೆಸೆದ ಉಕ್ಕಿನೊಳಗೆ ಒಂದು ಬಿಗಿತ ಉಳಿದುಬಿಡುತ್ತದೆ. ಅದನ್ನು ಬಿಡಿಸಲು ಇಡೀ ಟ್ಯಾಂಕನ್ನು ಅಂಗಳದ ಇಟ್ಟಿಗೆ ಕುಲುಮೆಯೊಳಗೆ ತಳ್ಳಿ, ಮಂದ ಕೆಂಪಿಗೆ ಬರುವ ತನಕ ಕಾಯಿಸಿ, ನಿಧಾನವಾಗಿ ಆರಿಸುತ್ತಿದ್ದೆವು. ಅದಾದ ಮೇಲೆ ಟ್ಯಾಂಕಿನ ಮೇಲೆ ಒಂದು ಕಿಡಿಯೂ ತಾಗಬಾರದು. ತಾಗಿದರೆ ಆ ಜಾಗದಲ್ಲಿ ಮತ್ತೆ ಬಿಗಿತ, ಅಲ್ಲಿಂದಲೇ ಬಿರುಕು. ಹಾಗಾಗಿ ಅದರ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆಸುತ್ತಿದ್ದೆ: ವೆಲ್ಡ್ ಮಾಡಬೇಡಿ.

ಆ ವರ್ಷದ ಟ್ಯಾಂಕು ಅರೆಕೆರೆ ಕಡೆಯ ಒಂದು ಐಸ್ ಫ್ಯಾಕ್ಟರಿಗೆ, ಅಮೋನಿಯಾ ತುಂಬುವುದಕ್ಕೆ. ಅಮೋನಿಯಾ ಒಳಗಿದ್ದರೆ ಐಸು, ಹೊರಗೆ ನುಗ್ಗಿತೋ ಹತ್ತಿರ ಇದ್ದವನ ಕಥೆ ಮುಗಿಯಿತು. ಆ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದವನು ನನ್ನ ಹೆಂಡತಿಯ ತಮ್ಮ. ಟ್ಯಾಂಕು ಕೂರುವ ಜಾಗದ ಪಕ್ಕದಲ್ಲೇ ಅವನ ಕುರ್ಚಿ. ಅಪ್ಪ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ.

ನಮ್ಮ ಶೆಡ್ಡಿನ ಪೂಜೆಗೆ ನಾನೂ ಹೆಂಡತಿಯೂ ಹೋಗುವಷ್ಟರಲ್ಲಿ ಎಲ್ಲ ಮುಗಿಯುತ್ತ ಬಂದಿತ್ತು. ಗ್ರೈಂಡರು, ಸುತ್ತಿಗೆ, ವೆಲ್ಡಿಂಗ್ ಸೆಟ್ಟು ಎಲ್ಲವೂ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದವು. ಒಡೆದ ಬೂದುಗುಂಬಳದ ಕೆಂಪು ನೀರು ಟ್ಯಾಂಕಿನ ಬುಡದವರೆಗೂ ಸಿಡಿದಿತ್ತು. ಟ್ಯಾಂಕಿಗೋ, ಈ ತುದಿಯಿಂದ ಆ ತುದಿಗೆ ಚೆಂಡುಹೂವಿನ ಹಾರ. ನನ್ನ ಬರಹ ಹೂವಿನಡಿ ಮುಚ್ಚಿಹೋಗಿತ್ತು.

"ಚೆನ್ನಾಗಿದೆ ಅಲ್ವೇನಪ್ಪಾ?" ಎಂದರು ಮಾಲೀಕರ ತಾಯಿ, ಕೈಗೆ ಪ್ರಸಾದ ಇಡುತ್ತ. "ಪಾಪ, ಇಷ್ಟು ದೊಡ್ಡದು ಬೋಳಾಗಿ ನಿಂತಿತ್ತು. ನಾನೇ ಹಾಕಿಸ್ದೆ."

ಹಾರ ಯಾವುದರಿಂದ ತೂಗುತ್ತಿದೆ ಎಂದು ಕತ್ತು ಎತ್ತಿದೆ. ಎರಡು ತುದಿಗೂ ಒಂದೊಂದು ಕಬ್ಬಿಣದ ಕೊಕ್ಕೆ. ಬೆಸೆದದ್ದು. ಕಾಯಿಸಿ ಆರಿಸಿದ ಉಕ್ಕಿನ ಮೇಲೆ, ಹಸಿಹಸಿಯಾಗಿ ಬೆಸೆದದ್ದು.

"ಯಾವ ಮುಠ್ಠಾಳ ಮಾಡಿದ್ದು ಇದನ್ನ?" ಎಂದು ಕಿರುಚಿಬಿಟ್ಟೆ. ಪ್ರಸಾದದ ಕಡಲೆ ಉಸಲಿ ನೆಲದ ಪಾಲಾಯಿತು. ಗಂಟೆ ಅಲ್ಲಾಡಿಸುತ್ತಿದ್ದ ಪುರೋಹಿತರು ಕೈ ನಿಲ್ಲಿಸಿದರು. ನನ್ನ ಬಾಯಿ ಯಾವತ್ತೂ ಹಾಗೆಯೇ, ಹೆದರಿದಾಗ ಇನ್ನೂ ಜೋರು.

ನಮ್ಮ ಹಳೆಯ ವೆಲ್ಡರ್ ಹೊಸ ಪಂಚೆ ಉಟ್ಟುಕೊಂಡು ಮುಂದೆ ಬಂದ. "ಚಿಕ್ಕ ಕೊಕ್ಕೆ ಸಾರ್. ಅಮ್ಮಾವ್ರು ಹೇಳಿದ್ರು. ಮೂಲೇಲಿ ಒಂದು ಕಡ್ಡಿ ಬಿದ್ದಿತ್ತು, ಅದ್ರಲ್ಲೇ ಟಕ್ ಅಂತ ಹಾಕ್ಬಿಟ್ಟೆ. ನಾಳೆ ಉಜ್ಜಿ ತೆಗೀತೀನಿ."

ಮೂಲೆಯಲ್ಲಿ ಬಿದ್ದ, ಮಳೆಗಾಲದ ತೇವ ಕುಡಿದು ಬೆಸುಗೆಯನ್ನೇ ಬಿರಿಸುವ ಕಡ್ಡಿ! ನನ್ನ ಯಾವ ಪರೀಕ್ಷೆಯ ಬಾಗಿಲನ್ನೂ ಕಾಣದ ಬೆಸುಗೆ. ಈಗಲೇ ತೆಗೆದು ನೋಡಬೇಕು ಎಂದು ಗ್ರೈಂಡರಿಗೆ ಕೈ ಹಾಕಿದೆ. ಮಾಲೀಕರು ನನ್ನ ರಟ್ಟೆ ಹಿಡಿದರು.

"ಪೂಜೆಗಿಟ್ಟಿದ್ದನ್ನ ಮುಟ್ತಾರೇನ್ರೀ? ಹಬ್ಬದ ದಿನ ಬಿರುಕು ಗಿರುಕು ಅನ್ಬೇಡಿ. ಬಾಯಿ ತೊಳ್ಕೊಂಡು ಊಟ ಮಾಡಿ. ನಾಳಿದ್ದು ಲಾರಿ ಬರತ್ತೆ, ಅಷ್ಟರಲ್ಲಿ ಉಜ್ಜಿ ಬಣ್ಣ ಹೊಡೆದ್ರಾಯ್ತು."

ಹೆಂಡತಿ ನನ್ನ ತೋಳಿನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ರೀ, ಇದು ನಮ್ಮ ಹುಡುಗ ಕೂರೋ ಕಡೆ ಹೋಗೋ ಟ್ಯಾಂಕೇ ಅಲ್ವಾ?"

ಹೌದು ಎಂದೆ. ಅವಳು ಎಲೆ ಮುಂದೆ ಕೂತಳು, ಅನ್ನ ಕಲಸಿದಳು, ಒಂದು ತುತ್ತೂ ಬಾಯಿಗಿಡಲಿಲ್ಲ.

ಮಾರನೆಯ ದಿನ ವಿಜಯದಶಮಿ. ಬೆಳಗ್ಗೆ ಪೂಜೆ ಕದಲಿಸುವುದನ್ನೇ ಕಾದಿದ್ದು, ವೆಲ್ಡರನ ಕೈಯಲ್ಲಿ ಎರಡೂ ಕೊಕ್ಕೆ ಉಜ್ಜಿ ತೆಗೆಸಿದೆ. ಮಾಲೀಕರು ಪಕ್ಕದಲ್ಲೇ ಕೈ ಕಟ್ಟಿ ನಿಂತಿದ್ದರು. ಬರಿಗಣ್ಣಿಗೆ ಉಕ್ಕು ಕನ್ನಡಿಯ ಹಾಗೆ ನುಣ್ಣಗಿತ್ತು. "ನೋಡಿ, ಏನೂ ಇಲ್ಲ," ಎಂದರು.

ಬಿರುಕು ಹುಡುಕಲು ನಮ್ಮಲ್ಲಿ ಒಂದು ಕೆಂಪು ದ್ರವ ಇತ್ತು. ಅದನ್ನು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮೇಲೆ ಬಿಳಿ ಪುಡಿಯ ಲೇಪ ಸಿಂಪಡಿಸಬೇಕು. ಬಿರುಕಿದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ಒಸರುತ್ತದೆ. ಹಚ್ಚಿದೆ, ಒರೆಸಿದೆ, ಸಿಂಪಡಿಸಿದೆ. ಮೊದಲ ಕೊಕ್ಕೆಯ ಜಾಗದಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಕೆಂಪು ಬಂತು.

"ಕುಂಕುಮ ಕಣ್ರೀ ಅದು!" ಎಂದರು ಮಾಲೀಕರು. "ನಿನ್ನೆ ಅಮ್ಮ ಟ್ಯಾಂಕಿಗೆಲ್ಲ ಬಳಿದಿದ್ರಲ್ಲ."

ಇರಬಹುದು. ಸುತ್ತಮುತ್ತ ಕುಂಕುಮ ಇತ್ತು, ನಿಜ. ಕುಂಕುಮವೇ ಆಗಿರಲಿ ದೇವರೇ ಎಂದು ನಾನೂ ಬೇಡಿಕೊಂಡೆ. ಅದು ಕುಂಕುಮ ಎಂದು ಒಪ್ಪಿಕೊಂಡುಬಿಟ್ಟರೆ ಲಾರಿ ಹೋಗುತ್ತದೆ, ಯಾರ ಜೊತೆಯೂ ಜಗಳವಿಲ್ಲ, ಮನೆಗೆ ಹೋಗಿ ಹೊಟ್ಟೆತುಂಬ ಉಣ್ಣಬಹುದು. ನಾಲಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಆ ಕುರ್ಚಿ ಕಣ್ಣ ಮುಂದೆ ಬಂತು. ಅದರ ಮೇಲೆ ಕಾಲು ಮಡಚಿ ಕೂತು ಪೇಪರ್ ಓದುವ ನನ್ನ ಬಾಮೈದ.

"ಇನ್ನೊಂದ್ಸಲ ನೋಡೋಣ," ಎಂದೆ.

ಥಿನ್ನರಿನಲ್ಲಿ ಇಡೀ ಜಾಗ ತೊಳೆದೆ. ಬಟ್ಟೆಯಲ್ಲಿ ಕೆಂಪು ಬರುವುದು ನಿಲ್ಲುವ ತನಕ ಉಜ್ಜಿದೆ. ಮತ್ತೆ ಹಚ್ಚಿ, ಒರೆಸಿ, ಸಿಂಪಡಿಸಿ, ಮೂವರೂ ಬಗ್ಗಿ ನೋಡಿದೆವು. ಬಿಳಿ ಬಿಳಿಯಾಗಿಯೇ ಇತ್ತು. ವೆಲ್ಡರ್ ಕೈ ಮುಗಿದ. ಆಮೇಲೆ ಕೂದಲಿನಷ್ಟು ಸಣ್ಣ ಕೆಂಪು ಗೆರೆಯೊಂದು ಮೂಡಿತು, ಉಗುರಿನಷ್ಟು ಉದ್ದ. ಮಾಲೀಕರು ಹೆಬ್ಬೆರಳಿನಿಂದ ಅದನ್ನು ಒರೆಸಿದರು. ನಾನು ಇನ್ನೊಮ್ಮೆ ಬಿಳಿ ಸಿಂಪಡಿಸಿದೆ. ಅದೇ ಜಾಗದಲ್ಲಿ ಅದೇ ಗೆರೆ ಮತ್ತೆ ಒಸರಿತು.

ಕುಂಕುಮ ಹಾಗೆ ಒಳಗಿನಿಂದ ಬರುವುದಿಲ್ಲ. ಮಾಲೀಕರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. "ಲಾರಿಗೆ ಬೇಡ ಅಂತ ಹೇಳ್ತೀನಿ. ಕುಲುಮೆ ಹಚ್ಚಿಸಿ," ಎಂದರು. ವೆಲ್ಡರ್ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಅತ್ತ. ಅವನನ್ನು ಬಾಯಿಗೆ ಬಂದಂತೆ ಬೈದೆ, ಆಮೇಲೆ ರಟ್ಟೆ ಹಿಡಿದು ಎಬ್ಬಿಸಿದೆ. ಬಿರುಕನ್ನು ಬುಡದ ತನಕ ಕೊರೆದು ತೆಗೆದು, ಪರೀಕ್ಷೆಯಲ್ಲಿ ಪಾಸಾದ ರೀತಿಯಲ್ಲೇ ಬೆಸೆದು, ಟ್ಯಾಂಕನ್ನು ಮತ್ತೆ ಕಾಯಿಸಿದೆವು. ನೀರು ತುಂಬಿ ಒತ್ತಡ ಏರಿಸಿದಾಗ ಒಂದು ಹನಿಯೂ ಜಿನುಗಲಿಲ್ಲ. ಟ್ಯಾಂಕು ಅರೆಕೆರೆಗೆ ಹೋಯಿತು. ಬಾಮೈದ ಹೆದರಬಾರದೆಂದು ಕೊಕ್ಕೆಯ ಕಥೆಯನ್ನು ಅವನಿಗೆ ಹೇಳಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ವರ್ಷ ನವರಾತ್ರಿಯಲ್ಲಿ ಬಾಮೈದ ಮನೆಗೆ ಊಟಕ್ಕೆ ಬಂದ. ಹುಳಿಯನ್ನಕ್ಕೆ ತುಪ್ಪ ಹಾಕಿಸಿಕೊಳ್ಳುತ್ತ ಖುಷಿಯಿಂದ ಹೇಳಿದ: "ಭಾವ, ಈ ಸಲ ನಿಮ್ಮ ಟ್ಯಾಂಕಿಗೆ ಸಖತ್ತಾಗಿ ಪೂಜೆ ಮಾಡ್ತೀವಿ. ಹಾರ ಹಾಕೋಕೆ ಜಾಗನೇ ಇಲ್ಲ ನೋಡಿ, ಅದಕ್ಕೆ ಪಕ್ಕದ ಶಾಪಿನ ವೆಲ್ಡರ್‌ನ ನಾಳೆ ಬರಕ್ಕೆ ಹೇಳಿದೀನಿ."

ಅಮೋನಿಯಾ ತುಂಬಿದ ಟ್ಯಾಂಕಿಗೆ! ಕಿರುಚಬೇಕು ಅನ್ನಿಸಿತು. ಜೀವನದಲ್ಲಿ ಅದೊಂದೇ ಸಲ ನನಗೆ ಬಯ್ಯಲು ಆಗಲಿಲ್ಲ.

ನನ್ನ ಮುಖ ನೋಡಿ ಅವನಿಗೆ ಗಾಬರಿಯಾಯಿತು. "ಯಾಕೆ ಭಾವ? ಚಿಕ್ಕ ಕೊಕ್ಕೆ, ಅಷ್ಟೇ ಕಣ್ರೀ."

ಹೆಂಡತಿ ತುಪ್ಪದ ಮಿಳ್ಳೆಯನ್ನು ಕೆಳಗಿಟ್ಟಳು. "ಬೇಡ ಅಂತ ಹೇಳಿ ಬಾ, ಈಗ್ಲೇ. ನಿನ್ನ ಹಾರಾನ ನಾನು ಕೈಯಲ್ಲಿ ಹಿಡ್ಕೊಂಡು ನಿಂತ್ಕೋತೀನಿ ಕಣೋ. ಕೊಕ್ಕೆ ಬೇಡ." ಅವನು ಅರ್ಧ ಊಟದಲ್ಲೇ ಕೈ ತೊಳೆದು ಸೈಕಲ್ ಹತ್ತಿದ.

ಪೂಜೆಯ ದಿನ ಅವಳು ಹೇಳಿದ ಹಾಗೇ ಮಾಡಿದಳು. ಫ್ಯಾಕ್ಟರಿಯವರೆಲ್ಲ ಮುಸಿಮುಸಿ ನಗುತ್ತಿದ್ದರೂ ಟ್ಯಾಂಕಿಗೆ ಬೆನ್ನು ಕೊಟ್ಟು ನಿಂತು, ಹಾರದ ಒಂದು ತುದಿಯನ್ನು ತಲೆಯೆತ್ತರಕ್ಕೆ ಹಿಡಿದಳು. ಇನ್ನೊಂದು ತುದಿಯನ್ನು ನಾನು ಹಿಡಿದೆ. ನಮ್ಮಿಬ್ಬರ ನಡುವೆ, ತನ್ನ ಕುರ್ಚಿಯ ಪಕ್ಕದಲ್ಲಿ, ಅವಳ ತಮ್ಮ ಮಂಗಳಾರತಿ ಎತ್ತಿದ. ಕಂಪ್ರೆಸರ್ ಒತ್ತಿ ಕಳಿಸಿದ ಅಮೋನಿಯಾದಿಂದ ಬೆನ್ನ ಹಿಂದೆ ಟ್ಯಾಂಕು ಬೆಚ್ಚಗಿತ್ತು. ಆರತಿ ಮುಗಿಯುವ ತನಕ ಹೂವು ಒಂದೊಂದಾಗಿ ಉದುರುತ್ತಲೇ ಇತ್ತು, ನಾವಿಬ್ಬರೂ ತುದಿ ಬಿಡಲಿಲ್ಲ.